ಅಮ್ಮನ ಉಂಗುರದ ಪಡಿಯಚ್ಚು



ಉಂಗುರ ಎಂದೊಡನೆ ನಿಮಗೇನು ನೆನಪಾಗುತ್ತದೆ? ಶಕುಂತಲೆ ನೀರಿನಲ್ಲಿ ಕಳೆದುಕೊಂಡ ಉಂಗುರವೇ, ಹನುಮಂತ ಲಂಕೆಗೆ ಒಯ್ದ ಮುದ್ರೆಯುಂಗುರವೇ, ಅಥವಾ ಟಿ. ನಗರದ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಕೂತ ಉಂಗುರಗಳೇ? ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ ನನಗೆ ಷೇಕ್ಸ್‌ಪಿಯರನ ಪೋರ್ಷಿಯಾ ತನ್ನ ಗಂಡನಿಗೆ ಕೊಟ್ಟ ಉಂಗುರವೂ ನೆನಪಾಗುತ್ತದೆ. ಈ ಕಥೆಗಳಲ್ಲೆಲ್ಲ ಉಂಗುರ ಕೈತಪ್ಪುತ್ತದೆ ಅಥವಾ ಕೈಬದಲಾಗುತ್ತದೆ. ಅಲ್ಲಿಂದ ಮನುಷ್ಯರ ನಡುವೆ ಏನೋ ಒಂದು ಎಡವಟ್ಟು ಶುರುವಾಗುತ್ತದೆ. ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಆ ಎಡವಟ್ಟನ್ನು ಎರಡು ಹಿಡಿ ಮರಳಿನಿಂದ ಹೇಗೆ ಸರಿಪಡಿಸಿಕೊಂಡೆವು, ಮನೆಯ ತಾರಸಿಯ ಮೇಲೆ ಉಂಗುರದ ಎರಕ ಹೊಯ್ಯುವುದನ್ನು ಹೇಗೆ ಕಲಿತೆವು ಎಂಬುದನ್ನು ನಿಮಗೆ ಹೇಳಬೇಕೆಂದು ಕೂತಿದ್ದೇನೆ.

ನಾನು ಮದುವೆಯಾಗಿ ಬೀದರಿನಿಂದ ಮಣಲಿಗೆ ಬಂದದ್ದು 1993ರಲ್ಲಿ. ಆಗ ಈ ಊರಿನ ಹೆಸರು ಮದ್ರಾಸು. ನನ್ನ ಯಜಮಾನರಿಗೆ ಇಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸ. 1969ರಲ್ಲಿ ತೈಲ ಶುದ್ಧೀಕರಣ ಆರಂಭವಾದ ಮೇಲೆ ಮಣಲಿ ಎಂದರೆ ಚಿಮಣಿ, ಪೈಪು, ಲಾರಿ ಎಂದೇ ಆಗಿಬಿಟ್ಟಿದೆ. ನನ್ನ ಕಿವಿಗೆ ಮಾತ್ರ ಆ ಹೆಸರು ಬೇರೆ ರೀತಿ ಕೇಳಿಸಿತ್ತು. ತಮಿಳಿನ ‘ಮಣಲ್’ ನಮ್ಮ ‘ಮಳಲು’, ಅಂದರೆ ಮರಳು. ನಮ್ಮ ಬೀದರಿನ ಕಡೆ ಅದನ್ನು ಉಸುಕು ಎನ್ನುತ್ತೇವೆ. ಇನ್ನು ‘ಮರಳು’ ಎಂದರೆ ಹಿಂದಿರುಗು ಎಂಬ ಅರ್ಥವೂ ಇದೆಯಲ್ಲ! ಊರು ಬಿಟ್ಟು ಬಂದ ಹೊಸತರಲ್ಲಿ ಈ ಎರಡನೆಯ ಅರ್ಥವೇ ನನಗೆ ಹೆಚ್ಚು ಹತ್ತಿರವಾಗಿತ್ತು.

ಒಂದು ಉಂಗುರ, ಇಬ್ಬರು ಹೆಣ್ಣುಮಕ್ಕಳು

ನಮ್ಮಮ್ಮ 2017ರಲ್ಲಿ ತೀರಿಕೊಂಡರು. ಅವರ ಬೆರಳಲ್ಲಿ ಸದಾ ಇದ್ದದ್ದು ಒಂದು ಬೆಳ್ಳಿಯ ಉಂಗುರ. ಅದು ನಮ್ಮ ಅಜ್ಜಿಯದು. ಮೇಲೆ ಚಪ್ಪಟೆಯಾದ ಬಿಲ್ಲೆ, ಅದರಲ್ಲಿ ಎಂಟು ಎಸಳಿನ ಹೂವು. ಎಂಟರಲ್ಲಿ ಒಂದು ಎಸಳು ಸವೆದುಹೋಗಿತ್ತು. ಎರಡು ತಲೆಮಾರು ಪಾತ್ರೆ ತಿಕ್ಕಿದ, ರೊಟ್ಟಿ ಬಡಿದ ಗುರುತು ಅದು. ಬೆಲೆ ಕಟ್ಟಿದರೆ ಒಂದು ಸೀರೆಗೂ ಸಾಲದು. ಆದರೂ ಆ ಉಂಗುರ ಯಾರಿಗೆ ಎಂಬ ಮಾತು ಬಂದಾಗ ನಾನೂ ಅಕ್ಕನೂ ಆಡಬಾರದ ಮಾತುಗಳನ್ನು ಆಡಿದೆವು. ‘ಎಂಟು ತಿಂಗಳು ಹಾಸಿಗೆ ಹಿಡಿದವಳನ್ನು ನೋಡಿಕೊಂಡವಳು ನಾನು, ನೀನು ಮದ್ರಾಸಿನಲ್ಲಿ ಕೂತಿದ್ದೆ’ ಎಂದಳು ಅಕ್ಕ. ಅದು ನಿಜ. ನಿಜವಾದ್ದರಿಂದಲೇ ನನಗೆ ಹೆಚ್ಚು ನೋವಾಯಿತು. ಆಮೇಲೆ ನಾಲ್ಕು ವರ್ಷ ನಮ್ಮ ಮಾತುಕತೆ ಯುಗಾದಿ, ದೀಪಾವಳಿಯ ಫೋನಿಗೆ ಇಳಿಯಿತು.

2021ರ ಡಿಸೆಂಬರಿನಲ್ಲಿ ನೆಂಟರ ಮದುವೆಗೆಂದು ಬೀದರಿಗೆ ಹೋಗಿದ್ದೆ. ನನ್ನ ಮಗಳೂ ಜೊತೆಗಿದ್ದಳು. ಅವಳು ಹುಟ್ಟಿ ಬೆಳೆದದ್ದೆಲ್ಲ ಮಣಲಿಯಲ್ಲೇ. ನಿಮ್ಮ ಹಾಗೆಯೇ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಆಫೀಸಿನಲ್ಲಿ ಇಂಗ್ಲಿಷು. ಕನ್ನಡ ಓದಲು ಬರುತ್ತದೆ, ಆದರೆ ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು. ಚೌಬಾರಾ ಗಡಿಯಾರದ ಗೋಪುರ ತೋರಿಸಲು ಹೋದವಳು ಪಕ್ಕದ ಬೀದಿಯ ಬಿದ್ರಿ ಕೆಲಸದ ಅಂಗಡಿಗೂ ಅವಳನ್ನು ಕರೆದುಕೊಂಡು ಹೋದೆ. ಅಲ್ಲಿ ಕಂಡದ್ದೇ ಈ ಲೇಖನಕ್ಕೆ ಮೂಲ.

ಬೀದರಿನ ಮಣ್ಣು

ಬಿದ್ರಿ ಕಲೆ ಬಹಮನಿ ಸುಲ್ತಾನರ ಕಾಲದಲ್ಲಿ ನಮ್ಮ ಊರಿನಲ್ಲಿ ಬೇರುಬಿಟ್ಟದ್ದು. ಹೂಜಿ, ಹುಕ್ಕಾ, ತಟ್ಟೆ, ಪೆಟ್ಟಿಗೆಗಳ ಜೊತೆಗೆ ಈಗ ಉಂಗುರ, ಪದಕ, ಓಲೆ, ಬಳೆಗಳನ್ನೂ ಮಾಡುತ್ತಾರೆ. 2006ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದೂ ಇದೇ ಕಲೆಗಾಗಿ. ಕಪ್ಪು ಮೈಮೇಲೆ ಹೊಳೆಯುವ ಬೆಳ್ಳಿಯ ಕುಸುರಿಯನ್ನು ಎಲ್ಲರೂ ಮೆಚ್ಚುತ್ತಾರೆ. ಆದರೆ ಅದಕ್ಕೆ ಮೊದಲ ಹೆಜ್ಜೆ ಮರಳಿನ ಎರಕ ಎಂಬುದನ್ನು ಗಮನಿಸುವವರು ಕಡಿಮೆ.

ಕುಶಲಕರ್ಮಿಗಳು ಜರಡಿ ಹಿಡಿದ ಮಣ್ಣಿಗೆ ಹರಳೆಣ್ಣೆ, ರಾಳ ಬೆರೆಸಿ ಹದ ಮಾಡುತ್ತಾರೆ. ಅದರಲ್ಲಿ ಮಾದರಿಯನ್ನು ಒತ್ತಿ ಅಚ್ಚು ತೆಗೆಯುತ್ತಾರೆ. ಸತು ಮತ್ತು ತಾಮ್ರವನ್ನು ಸುಮಾರು ಹದಿನಾರಕ್ಕೆ ಒಂದರಂತೆ ಕೂಡಿಸಿ ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ. ಆರಿದ ಮೇಲೆ ಅರದಿಂದ ಉಜ್ಜಿ ನಯಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು, ಉಳಿಯಿಂದ ಚಿತ್ರ ಕೊರೆಯುತ್ತಾರೆ. ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆಯ ಭಾಗದ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕುದಿಸಿ ಅದರಲ್ಲಿ ಅದ್ದುತ್ತಾರೆ. ಸತುವಿನ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಬಿಸಿಲು ಮಳೆ ತಾಕದ ಜಾಗದ ಮಣ್ಣೇ ಆಗಬೇಕು. ಅದು ಸರಿಯಾದದ್ದೇ ಎಂದು ನಾಲಿಗೆಗೆ ಇಟ್ಟು ನೋಡುವವರೂ ಇದ್ದಾರೆ.

ನನ್ನ ಮಗಳು ಕಣ್ಣು ಕೀಳದೆ ನೋಡಿದ್ದು ಮಾತ್ರ ಒಂದೇ ಕೆಲಸವನ್ನು. ಅಲ್ಲಿಯ ಹಿರಿಯರೊಬ್ಬರು ಒಂದು ಪದಕವನ್ನು ಮಣ್ಣಿಗೆ ಒತ್ತಿದರು, ಮೆಲ್ಲಗೆ ಎತ್ತಿದರು. ಪದಕಕ್ಕೆ ಏನೂ ಆಗಲಿಲ್ಲ. ಮಣ್ಣಿನಲ್ಲಿ ಅದರ ರೂಪ ಉಳಿಯಿತು. ‘ಹಾಗಿದ್ದರೆ ಅಮ್ಮ, ಅಜ್ಜಿಯ ಉಂಗುರ ಒಂದೇ ಇದೆ ಅಂತ ಯಾಕೆ ಜಗಳ?’ ಎಂದಳು.

ನಾಲ್ಕು ವರ್ಷ ನನಗೆ ಹೊಳೆಯದ ಮಾತು! ಅಂದು ರಾತ್ರಿ ಅಕ್ಕನ ಮುಂದೆ ಕೂತು ಕೇಳಿದೆ. ‘ಉಂಗುರ ನಿನ್ನದೇ. ಒಂದಷ್ಟು ದಿನ ಕೊಡು. ನನಗೆ ಅದರ ಗುರುತು ಸಾಕು.’ ಅಕ್ಕ ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ ಬೆರಳಿಗೆ ಸೋಪು ಹಚ್ಚಿ ಉಂಗುರ ತೆಗೆದು ಕೈಯಲ್ಲಿಟ್ಟಳು. ‘ಒಯ್ಯವ್ವ. ಆದ್ರ ಅದನ್ನೇ ಕರಗಿಸಿಬಿಟ್ಟೀ, ಜ್ವಾಕಿ!’

ಎರಕವೆಂಬ ಹಳೆಯ ವಿದ್ಯೆ

ಉಂಗುರ ಹಿಡಿದು ಮಣಲಿಗೆ ಬಂದ ಮೇಲೆ ನಾನೂ ಮಗಳೂ ವಿಷಯ ತಿಳಿದುಕೊಳ್ಳಲು ಹೊರಟೆವು. ಎಷ್ಟು ದೂರ ಹೋದರೂ ದಾರಿ ತಿರುಗಿ ನಮ್ಮ ಕಡೆಗೇ ಬರುತ್ತಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ಗ್ರಂಥ ರಚಿಸಿದ. ಅವನ ರಾಜಧಾನಿ ಕಲ್ಯಾಣವೇ ಇಂದಿನ ಬಸವಕಲ್ಯಾಣ, ನಮ್ಮ ಬೀದರ ಜಿಲ್ಲೆಯದು. ಅಡುಗೆಯಿಂದ ಆನೆಯವರೆಗೆ ಎಲ್ಲವೂ ಇರುವ ಆ ಗ್ರಂಥದಲ್ಲಿ ಎರಕದ ಪಾಠವೂ ಇದೆ. ಅದು ಮೇಣದ ವಿಧಾನ. ಮೇಣದಲ್ಲಿ ಮೂರ್ತಿ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಟೊಳ್ಳಿಗೆ ಲೋಹ ಹೊಯ್ಯುವುದು. ಎಷ್ಟು ಲೋಹ ಬೇಕೆಂದು ತಿಳಿಯುವುದು ಹೇಗೆ? ಮೇಣವನ್ನು ಮೊದಲೇ ತೂಗಿಕೊಂಡಿರಬೇಕು. ಬೆಳ್ಳಿಯಾದರೆ ಅದರ ಹನ್ನೆರಡು ಪಟ್ಟು, ಚಿನ್ನವಾದರೆ ಹದಿನಾರು ಪಟ್ಟು. ಶಾಲೆಯಲ್ಲಿ ನೀವು ಕಲಿತ ಸಾಂದ್ರತೆಯ ಲೆಕ್ಕವೇ ಇದು.

ನಮ್ಮ ಮಂಡ್ಯ ಜಿಲ್ಲೆಯ ನಾಗಮಂಗಲದಲ್ಲೂ, ಇಲ್ಲಿ ತಮಿಳುನಾಡಿನ ಸ್ವಾಮಿಮಲೆಯಲ್ಲೂ ಈ ಮೇಣದ ಎರಕ ಬದುಕಿದೆ. ಸ್ವಾಮಿಮಲೆಯ ಸ್ಥಪತಿಗಳು ಅಚ್ಚಿಗೆ ಬಳಸುವುದು ಕಾವೇರಿಯ ಮೆಕ್ಕಲುಮಣ್ಣು. ಕೊಡಗಿನಲ್ಲಿ ಹುಟ್ಟಿದ ಹೊಳೆ ಇಲ್ಲಿ ದೇವರ ಮೈಗೆ ಅಚ್ಚಾಗುತ್ತದೆ! ಅಲ್ಲೇ ಸಮೀಪದ ನಾಚ್ಚಿಯಾರ್‌ಕೋಯಿಲ್ ಎಂಬ ಊರಿನ ಕುತ್ತುವಿಳಕ್ಕನ್ನು, ಅಂದರೆ ನಿಲುವು ದೀಪವನ್ನು, ನೀವು ಎಷ್ಟೋ ಮದುವೆಗಳಲ್ಲಿ ನೋಡಿದ್ದೀರಿ. ಅದರ ಭಾಗಗಳನ್ನು ಮರಳಿನ ಅಚ್ಚಿನಲ್ಲೇ ಹೊಯ್ಯುತ್ತಾರೆ. ದೂರದ ಹಾಲೆಂಡಿನಲ್ಲಿ ಡೆಲ್ಫ್ಟ್ ಮಣ್ಣು ಎಂಬ ಹೆಸರಿನಲ್ಲಿ ಎಣ್ಣೆ ಬೆರೆಸಿದ ನುಣುಪು ಮರಳು, ಅದಕ್ಕೆ ಒಂದು ಜೊತೆ ಅಲ್ಯೂಮಿನಿಯಂ ಬಳೆಗಳು ದೊರೆಯುತ್ತವೆ. ಮನೆಯಲ್ಲಿ ಒಡವೆ ಮಾಡುವ ಹವ್ಯಾಸಿಗಳು ಲೋಕದಾದ್ಯಂತ ಅದನ್ನು ಬಳಸುತ್ತಾರೆ. ಬೀದರಿನ ಹರಳೆಣ್ಣೆಯ ಮಣ್ಣಿಗೂ ಅದಕ್ಕೂ ತತ್ತ್ವ ಒಂದೇ.

ಮೇಣದ ಎರಕದಲ್ಲಿ ಮೇಣದ ಮಾದರಿ ಕರಗಿಹೋಗುತ್ತದೆ. ಮರಳಿನ ಎರಕದಲ್ಲಿ ಮಾದರಿ ಉಳಿಯುತ್ತದೆ, ಅಚ್ಚು ಒಡೆಯುತ್ತದೆ. ನಮಗೆ ಬೇಕಾಗಿದ್ದುದು ಇದೇ.

ಮೊದಲ ಪಾಠ: ಎಲ್ಲ ಮರಳೂ ಮರಳಲ್ಲ

ಮರಳಿಗೇನು ಬರ ಎಂದು ತಿರುವೊತ್ತಿಯೂರಿನ ಕಡಲ ದಂಡೆಯಿಂದ ಒಂದು ಚೀಲ ತಂದೆವು. ನೀರು ಚಿಮುಕಿಸಿ ಪೆಟ್ಟಿಗೆಗೆ ತುಂಬಿ ಒಂದು ಗುಂಡಿಯನ್ನು ಒತ್ತಿ ತೆಗೆದದ್ದೇ ತಡ, ಅಂಚೆಲ್ಲ ಕುಸಿಯಿತು. ಕಡಲ ಮರಳಿನ ಕಾಳು ಉರುಟಾಗಿರುತ್ತದೆ, ಅಂಟುವ ಮಣ್ಣು ಅದರಲ್ಲಿ ಇರುವುದಿಲ್ಲ. ಮೇಲಾಗಿ ಉಪ್ಪು, ಕಪ್ಪೆಚಿಪ್ಪಿನ ಚೂರು. ಬೆಳ್ಳಿಯಷ್ಟು ಬಿಸಿಯಾದ ಲೋಹ ತಾಕಿದರೆ ಚಿಪ್ಪಿನ ಸುಣ್ಣಕಲ್ಲಿನಿಂದ ಅನಿಲ ಹೊರಟು ಎರಕದಲ್ಲಿ ಗುಳ್ಳೆ ಮಾಡುತ್ತದೆ.

ಆಮೇಲೆ ನುಣುಪಾದ ಹೊಳೆಮರಳನ್ನು ಮೈದಾ ಜರಡಿಯಲ್ಲಿ ಹಿಡಿದೆವು. ನಾಲ್ಕು ಬಟ್ಟಲು ಮರಳಿಗೆ ಅರ್ಧ ಬಟ್ಟಲು ಬೆಂಟೊನೈಟ್ ಎಂಬ ಜೇಡಿಪುಡಿ. ಎರಕದ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ನೀವು ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿಯೂ ಅದೇ ಕುಲದ ಮಣ್ಣು. ನೀರನ್ನು ಚಮಚ ಚಮಚವಾಗಿ ಹಾಕಿ ಕಲಸಬೇಕು. ಹದ ತಿಳಿಯುವ ಬಗೆ ಹೀಗೆ. ಒಂದು ಹಿಡಿ ಹಿಸುಕಿ ಕೈ ಬಿಚ್ಚಿದರೆ ಉಂಡೆ ನಿಲ್ಲಬೇಕು. ನಡುವೆ ಮುರಿದರೆ ಅಂಚು ಚೊಕ್ಕಟವಾಗಿ ಮುರಿಯಬೇಕು. ಅಂಗೈಗೆ ನೀರು ಅಂಟಬಾರದು. ಹೂರಣದ ಹದ ಗೊತ್ತಿದ್ದವರಿಗೆ ಇದು ಕಷ್ಟವಲ್ಲ. ಜರಡಿ ಹಿಡಿಯುವಾಗ ಮಾತ್ರ ಮೂಗಿಗೆ ಮಾಸ್ಕ್ ಇರಲಿ. ಮರಳಿನ ಸಣ್ಣ ಧೂಳು ಶ್ವಾಸಕೋಶಕ್ಕೆ ಕೇಡು.

ಅಚ್ಚು ಕಟ್ಟುವುದು

ಒಂದರ ಮೇಲೊಂದು ಸರಿಯಾಗಿ ಕೂರುವ, ತಳವಿಲ್ಲದ ಎರಡು ಲೋಹದ ಚೌಕಟ್ಟುಗಳು ಬೇಕು. ಅವು ಪ್ರತಿ ಸಲವೂ ಒಂದೇ ರೀತಿ ಕೂರುವಂತೆ ಹೊರಗೆ ಗುರುತು ಹಾಕಿಕೊಳ್ಳಿ. ಕೆಳಗಿನದಕ್ಕೆ ಮರಳು ತುಂಬಿ ಚೆನ್ನಾಗಿ ಬಡಿದು ಮಟ್ಟ ಮಾಡಿ. ಈಗ ಉಂಗುರವನ್ನು ನಿಲ್ಲಿಸಿ, ಹೂವಿನ ಬಿಲ್ಲೆ ಕೆಳಮುಖವಾಗಿರುವಂತೆ, ಸರಿಯಾಗಿ ಅರ್ಧದವರೆಗೆ ಒತ್ತಿ. ಮಲಗಿಸಿ ಒತ್ತಿದರೆ ಹೂವು ಪಕ್ಕಕ್ಕೆ ಬಂದು ಮಾದರಿ ಎತ್ತುವಾಗ ಎಸಳೆಲ್ಲ ಕಿತ್ತುಹೋಗುತ್ತದೆ. ಮೇಲೆ ಮುಖದ ಪೌಡರನ್ನು ತೆಳ್ಳಗೆ ಉದುರಿಸಿ. ಎರಡು ಮರಳುಗಳು ಒಂದಕ್ಕೊಂದು ಅಂಟದಿರಲು ಇದು. ಮೇಲಿನ ಚೌಕಟ್ಟನ್ನು ಕೂರಿಸಿ ಅದಕ್ಕೂ ಮರಳು ತುಂಬಿ ಬಡಿಯಿರಿ.

ಇನ್ನು ಉಸಿರು ಬಿಗಿಹಿಡಿದು ಎರಡನ್ನೂ ಬೇರ್ಪಡಿಸಿ ಉಂಗುರವನ್ನು ನೇರವಾಗಿ ಎತ್ತಬೇಕು. ಮೇಲಿನ ಭಾಗದಲ್ಲಿ ಲೋಹ ಇಳಿಯಲು ಆಲಿಕೆಯಾಕಾರದ ಒಂದು ಬಾಯಿ, ಗಾಳಿ ಹೊರಹೋಗಲು ಹೆಣಿಗೆ ಕಡ್ಡಿಯಿಂದ ಎರಡು ಸಣ್ಣ ಕಂಡಿ. ಗಾಳಿಗೆ ದಾರಿ ಕೊಡದಿದ್ದರೆ ಲೋಹ ಅರ್ಧಕ್ಕೇ ನಿಲ್ಲುತ್ತದೆ. ಉದುರಿದ ಕಾಳುಗಳನ್ನು ಊದಿ ತೆಗೆದು ಪೆಟ್ಟಿಗೆ ಮುಚ್ಚಿದರೆ ಅಚ್ಚು ಸಿದ್ಧ.

ತವರದಿಂದ ಶುರು

ನೇರವಾಗಿ ಬೆಳ್ಳಿಗೆ ಕೈಹಾಕಬೇಡಿ. ಬೆಳ್ಳಿ ಕರಗುವುದು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಚಿನ್ನ 1064ರಲ್ಲಿ. ತವರಕ್ಕೆ 232 ಸಾಕು. ಇಲ್ಲಿಯ ತಮಿಳು ಮನೆಗಳಲ್ಲಿ ಸಾರು ಮಾಡುವ ಈಯಚ್ಚೊಂಬು ನಿಮಗೆ ಗೊತ್ತಲ್ಲ? ಅದು ತವರದ್ದೇ. ನೀರಿಲ್ಲದೆ ಒಲೆಯ ಮೇಲಿಟ್ಟು ಮರೆತರೆ ಚೊಂಬೇ ಕರಗಿ ಇಳಿಯುತ್ತದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದೂ ಇದರಲ್ಲೇ. ಶುದ್ಧ ತವರವನ್ನೇ ಕೇಳಿ ಕೊಳ್ಳಿ. ಬೆಸುಗೆ ತಂತಿಯಲ್ಲಿ ಎಷ್ಟೋ ಸಲ ಸೀಸ ಇರುತ್ತದೆ, ಸೀಸ ವಿಷ. ಹಿತ್ತಾಳೆಯನ್ನಂತೂ ಮನೆಯಲ್ಲಿ ಕರಗಿಸಲೇಬೇಡಿ. ಅದರೊಳಗಿನ ಸತು ಹೊಗೆಯಾಗಿ ಎದ್ದು, ಉಸಿರಾಡಿದವರಿಗೆ ಚಳಿಜ್ವರ ಬರಿಸುತ್ತದೆ. ತವರಕ್ಕೆ ಬಳಸಿದ ಸೌಟು ಮತ್ತೆ ಅಡುಗೆಮನೆಗೆ ಬರಕೂಡದು.

ಅಮ್ಮನ ಉಂಗುರ ತೂಗಿದರೆ ಎಂಟು ಗ್ರಾಂ. ಬೆಳ್ಳಿಗಿಂತ ತವರ ಹಗುರ, ಸುಮಾರು ಏಳು ಹತ್ತಾಂಶ ತೂಕ. ಅಂದರೆ ಉಂಗುರಕ್ಕೆ ಐದೂವರೆ ಗ್ರಾಂ ಸಾಕು. ಬಾಯಿಯಲ್ಲಿ ನಿಲ್ಲುವ ಲೋಹಕ್ಕೆಂದು ಇನ್ನೂ ಅರ್ಧದಷ್ಟು ಸೇರಿಸಿದೆವು. ಬಾಯಿಯಲ್ಲಿ ಲೋಹ ಮಿಕ್ಕಿರಬೇಕು. ಆರುವಾಗ ಉಂಗುರ ಕುಗ್ಗುತ್ತದೆ, ಕುಗ್ಗಿದ ಜಾಗಕ್ಕೆ ಅಲ್ಲಿಂದಲೇ ಲೋಹ ಇಳಿಯುತ್ತದೆ.

ಮೊದಲ ಎರಕ ಅರ್ಧ ಚಂದ್ರನಂತೆ ಬಂತು. ಲೋಹ ಸಾಕಷ್ಟು ಬಿಸಿಯಾಗಿರಲಿಲ್ಲ. ಎರಡನೆಯದರಲ್ಲಿ ನಾನು ಬುದ್ಧಿ ಕಲಿತೆ. ಮರಳು ಒಣಗಿದೆಯೆಂದು ಇನ್ನೊಂದಿಷ್ಟು ನೀರು ಚಿಮುಕಿಸಿದ್ದೆ. ತವರ ಹೊಯ್ದೊಡನೆ ಒಳಗಿನ ನೀರು ಆವಿಯಾಗಿ ಚಟ್ಟನೆ ಸಿಡಿಯಿತು. ಒಂದು ಹನಿ ಮಣಿಕಟ್ಟಿಗೆ ಬಿತ್ತು. ಕಡಲೆಕಾಳಿನಷ್ಟು ಕಲೆ ಈಗಲೂ ಇದೆ. ಮಗಳು ಕೂಡಲೇ ಕೈಯನ್ನು ನಲ್ಲಿಯ ಕೆಳಗೆ ಹಿಡಿಸಿ ಇಪ್ಪತ್ತು ನಿಮಿಷ ನೀರು ಬಿಟ್ಟಳು. ನೀವೂ ಅಷ್ಟೇ ಮಾಡಿ. ಟೂತ್‌ಪೇಸ್ಟು, ಇಂಕು, ಬೆಣ್ಣೆ ಯಾವುದೂ ಬೇಡ. ಸುಟ್ಟದ್ದು ದೊಡ್ಡದಾದರೆ ಡಾಕ್ಟರರ ಬಳಿ ಹೋಗಿ.

ಆ ಹನಿ ಕಣ್ಣಿಗೆ ಬಿದ್ದಿದ್ದರೆ? ಅದಕ್ಕೇ ಇಷ್ಟು ಹೇಳುತ್ತೇನೆ, ಅಜ್ಜಿಯ ಉಪದೇಶವೆಂದು ನಗಬೇಡಿ. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು, ಮೈಗೆ ಹತ್ತಿ ಬಟ್ಟೆ. ನೈಲಾನ್ ಕರಗಿ ಚರ್ಮಕ್ಕೆ ಅಂಟುತ್ತದೆ. ಕೂದಲು ಕಟ್ಟಿರಬೇಕು. ಕೆಳಗೆ ಒಣಮರಳು ಹರಡಿದ ತಗಡಿನ ತಟ್ಟೆ ಇರಲಿ. ಬರಿಯ ಸಿಮೆಂಟು ನೆಲದ ಮೇಲೆ ಕಾದ ಲೋಹ ಬಿದ್ದರೆ ನೆಲವೇ ಚಕ್ಕೆ ಎದ್ದು ಸಿಡಿಯುತ್ತದೆ. ಬಯಲಿನಲ್ಲೇ ಕೆಲಸ, ಚಿಕ್ಕವರು ದೂರ, ದೊಡ್ಡವರೊಬ್ಬರು ಹತ್ತಿರ.

ಐದನೆಯ ಎರಕದಲ್ಲಿ ತವರದ ಉಂಗುರ ಪೂರ್ತಿಯಾಗಿ ಬಂತು. ಎಂಟು ಎಸಳು, ಒಂದು ಸವೆದದ್ದು. ಕೆಟ್ಟ ಉಂಗುರಗಳನ್ನೆಲ್ಲ ಮತ್ತೆ ಕರಗಿಸಿದ್ದೆವು. ಲೋಹ ಒಂದಿಷ್ಟೂ ಹಾಳಾಗಲಿಲ್ಲ.

ಬೆಳ್ಳಿಯ ದಿನ

ಬೆಳ್ಳಿಗೆ ನಮ್ಮ ಧೈರ್ಯ ಸಾಲದು. ನಮ್ಮ ಬೀದಿಯ ಅಕ್ಕಸಾಲಿಗರನ್ನು ಕರೆದೆವು. ಎಪ್ಪತ್ತು ದಾಟಿದವರು. ಇಲ್ಲಿ ಅವರನ್ನು ‘ಪತ್ತರ್’ ಎನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಅಕ್ಕಸಾಲಿಗರು ‘ಪತ್ತಾರ’ರು! ಇದನ್ನು ಹೇಳಿದಾಗ ಅವರು ನಕ್ಕು, ‘ಹಾಗಾದರೆ ನಿಮ್ಮೂರಲ್ಲೂ ನಮ್ಮವರೇ’ ಎಂದರು. ಅಚ್ಚು ಹೊಯ್ಯುವ ಯಂತ್ರಗಳು ಬಂದ ಮೇಲೆ ಈ ಕೆಲಸಕ್ಕೆ ತಮ್ಮನ್ನು ಯಾರೂ ಕರೆದಿರಲಿಲ್ಲವಂತೆ. ಮೂಸೆ, ಇಕ್ಕಳ, ಉರಿಕೊಳವೆ ಎಲ್ಲವನ್ನೂ ತಮ್ಮ ಹಳೆಯ ಚೀಲದಲ್ಲಿ ತಂದರು. ಮಗಳು ಒಂದೊಂದಕ್ಕೂ ಕನ್ನಡದಲ್ಲಿ ಏನೆನ್ನುತ್ತಾರೆಂದು ಕೇಳಿ ಬರೆದುಕೊಂಡಳು. ಮೂಸೆ, ಇಕ್ಕಳ, ತಿದಿ, ಅರ, ಬಿಳಿಗಾರ, ಒರೆಗಲ್ಲು. ಯಾವ ಪಠ್ಯಪುಸ್ತಕದಲ್ಲೂ ಅವಳು ಕಾಣದ ಮಾತುಗಳು.

ಬೆಳ್ಳಿ ಎಲ್ಲಿಂದ? ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ಕುಂಕುಮ ಭರಣಿಯ ಮುಚ್ಚಳ ಸೀಳಿ ಬಹಳ ವರ್ಷವಾಗಿತ್ತು. ಅದನ್ನೇ ಕೊಟ್ಟೆ. ಅವರು ಒರೆ ಹಚ್ಚಿ ನೋಡಿ, ಒಳ್ಳೆಯ ಬೆಳ್ಳಿ ಎಂದು ತಲೆದೂಗಿ, ಹದಿನಾಲ್ಕು ಗ್ರಾಂ ಕತ್ತರಿಸಿದರು.

ಈ ಸಲ ನೀರಿನ ಮರಳು ಬೇಡವೆಂದು ಬೀದರಿನವರಂತೆ ಹರಳೆಣ್ಣೆ ಬೆರೆಸಿ ಅಚ್ಚು ಮಾಡಿದ್ದೆವು. ಮೂಸೆಯನ್ನು ಮೊದಲು ಬರಿದೇ ಕಾಯಿಸಿ ತೇವ ಓಡಿಸಿದರು. ಬೆಳ್ಳಿ ಹಾಕಿ, ಚಿಟಿಕೆ ಬಿಳಿಗಾರ ಉದುರಿಸಿದರು. ಅದು ಕೊಳೆಯನ್ನು ಗಾಜಿನಂತೆ ಕರಗಿಸಿ ಬದಿಗೆ ಸರಿಸುತ್ತದೆ. ಚೂರುಗಳು ಕೆಂಪಾದವು, ಅಂಚು ಬೆವರಿತು, ಇದ್ದಕ್ಕಿದ್ದಂತೆ ಎಲ್ಲ ಒಂದಾಗಿ ಕನ್ನಡಿಯಂತೆ ಹೊಳೆಯುವ ಒಂದು ಹನಿಯಾಯಿತು. ‘ಈಗ’ ಎಂದರು. ಒಂದೇ ಧಾರೆಯಲ್ಲಿ, ನಡುವೆ ನಿಲ್ಲಿಸದೆ ಹೊಯ್ದರು. ಅಚ್ಚಿನ ಬಾಯಲ್ಲಿ ಒಂದು ಪುಟ್ಟ ಜ್ವಾಲೆ ಎದ್ದು ಆರಿತು. ಸುಟ್ಟ ಹರಳೆಣ್ಣೆಯ ವಾಸನೆ ತಾರಸಿಯನ್ನೆಲ್ಲ ತುಂಬಿತು.

ನನಗೆ ಮಾತು ಹೊರಡಲಿಲ್ಲ. ಭಾನುವಾರದ ಅಭ್ಯಂಜನಕ್ಕೆ ಅಮ್ಮ ನಮ್ಮಿಬ್ಬರನ್ನೂ ಸಾಲಾಗಿ ಕೂರಿಸಿ ತಲೆಗೆ ತಟ್ಟುತ್ತಿದ್ದುದು ಹರಳೆಣ್ಣೆಯನ್ನೇ. ತಟ್ಟುವಾಗ ಆ ಉಂಗುರ ನೆತ್ತಿಗೆ ತಾಕುತ್ತಿತ್ತು.

ಆರಿದ ಮೇಲೆ ಅಚ್ಚು ಒಡೆದರೆ ಕರ್ರಗೆ ಸುಟ್ಟ ಒಂದು ಗಂಟು. ಬಾಲವನ್ನು ಗರಗಸದಲ್ಲಿ ಕೊಯ್ದು, ಹುಣಸೆಹಣ್ಣಿನ ನೀರಿನಲ್ಲಿ ಕುದಿಸಿ, ಅರ ಹಾಕಿ ಉಜ್ಜಿದಾಗ ಬೆಳ್ಳಿ ಕಣ್ಣು ಬಿಟ್ಟಿತು. ಅಮ್ಮನ ಉಂಗುರದ ಪಡಿಯಚ್ಚು. ಸವೆದ ಎಸಳೂ ಸವೆದ ಹಾಗೆಯೇ. ಯಾವುದು ಕೆತ್ತನೆ, ಯಾವುದು ಸವೆತ ಎಂದು ಮರಳಿಗೇನು ಗೊತ್ತು? ಎರಡನ್ನೂ ಒಂದೇ ಮರ್ಯಾದೆಯಿಂದ ಉಳಿಸಿಕೊಂಡಿತ್ತು.

ಒಂದು ರಾತ್ರಿಯ ಮಾತು

ಇಲ್ಲಿಗೆ ಮುಗಿಸಿದರೆ ಸುಳ್ಳು ಹೇಳಿದಂತಾಗುತ್ತದೆ. ಎರಡು ಉಂಗುರಗಳನ್ನೂ ಮೇಜಿನ ಮೇಲಿಟ್ಟಾಗ ಮಗಳು, ‘ಅಮ್ಮ, ಯಾವುದು ಯಾವುದು ಅಂತ ನನಗೇ ಗೊತ್ತಾಗ್ತಾ ಇಲ್ಲ’ ಎಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೊಸದನ್ನೇ ಬೀದರಿಗೆ ಕಳಿಸಿದರೆ? ಅಕ್ಕನ ಕಣ್ಣು ಮೊದಲೇ ಮಂದ. ಅವಳಿಗೆ ತಿಳಿಯುವುದಿಲ್ಲ. ಹೂವೂ ಅದೇ, ಬೆಳ್ಳಿಯೂ ಅಮ್ಮನದೇ, ಯಾರಿಗೆ ಏನು ನಷ್ಟ?

ಬೆಳಿಗ್ಗೆ ಬೆಳಕಿನಲ್ಲಿ ಎರಡನ್ನೂ ಮತ್ತೆ ನೋಡಿದೆ. ಹೊಸದರ ಒಳಮೈಯಲ್ಲಿ, ಬಾಲ ಕೊಯ್ದ ಜಾಗದ ಬಳಿ, ಸಾಸಿವೆಗಿಂತ ಸಣ್ಣದೊಂದು ಗುಳಿ. ಗಾಳಿಯ ಗುಳ್ಳೆ ನಿಂತ ಗುರುತು. ಬೆರಳಿಗೆ ಹಾಕಿದರೆ ಹಳೆಯದಕ್ಕಿಂತ ಕೂದಲೆಳೆಯಷ್ಟು ಬಿಗಿ. ಬೆಳ್ಳಿ ಆರುವಾಗ ನೂರಕ್ಕೆ ಒಂದೆರಡು ಪಾಲು ಕುಗ್ಗುತ್ತದೆ. ಪಡಿಯಚ್ಚು ಯಾವಾಗಲೂ ಮೂಲಕ್ಕಿಂತ ತುಸು ಚಿಕ್ಕದೇ. ಪತ್ತರ್ ತಾತ ಆ ಗುಳಿಯನ್ನು ತುಂಬಿಕೊಡುತ್ತೇನೆ ಎಂದರು. ಬೇಡವೆಂದೆ. ಅದು ಇರಲಿ, ಯಾವುದು ನನ್ನದು ಎಂದು ನನಗೆ ಎಂದಿಗೂ ಮರೆಯಬಾರದು.

2022ರ ಯುಗಾದಿಗೆ ನಾನೇ ಹೋಗಿ ಅಮ್ಮನ ಉಂಗುರವನ್ನು ಅಕ್ಕನ ಕೈಗೆ ಕೊಟ್ಟೆ. ನನ್ನ ಬೆರಳಿನದನ್ನೂ ತೋರಿಸಿದೆ. ಅವಳು ಕಿಟಕಿಯ ಬಳಿ ಹೋಗಿ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ಕಣ್ಣೀರು ಹಾಕುತ್ತಾಳೆಂದುಕೊಂಡಿದ್ದೆ. ಅವಳು ಹೇಳಿದ್ದು, ‘ಒಳಗ ಅರ ಚಂದ ಹಾಕಿಲ್ಲ ನೀವು.’ ಸ್ವಲ್ಪ ಹೊತ್ತಿನ ಮೇಲೆ ಹೋಳಿಗೆ ತಟ್ಟುತ್ತ, ನನ್ನ ಕಡೆ ನೋಡದೆಯೇ, ‘ನಮ್ಮ ಹುಡುಗಿಗೂ ಒಂದು ಮಾಡಿಕೊಡಲ್ಲ?’ ಎಂದಳು. ಈಗ ವಾರಕ್ಕೆ ಎರಡು ಸಲ ಅವಳ ಫೋನು ಬರುತ್ತದೆ.

ನಿಮಗೊಂದು ಮಾತು

ತಾಯಿಯನ್ನು ಹೋಲುವ ಮಗುವನ್ನು ಕಂಡಾಗ ‘ಥೇಟ್ ಅಮ್ಮನ ಪಡಿಯಚ್ಚು’ ಎನ್ನುತ್ತೇವಲ್ಲ, ಆ ಮಾತಿನಲ್ಲೂ ಇರುವುದು ಅಚ್ಚೇ. ನೀವು ನಿಮ್ಮ ತಂದೆತಾಯಿಯರ ಹಾಗೆ ಕನ್ನಡ ಆಡುವುದಿಲ್ಲ ಎಂದು ನಾವು ಹಿರಿಯರು ಆಗಾಗ ಕೊರಗುತ್ತೇವೆ. ನಾನೂ ಕೊರಗಿದ್ದೇನೆ. ಪಡಿಯಚ್ಚು ಮೂಲಕ್ಕಿಂತ ತುಸು ಬೇರೆಯಾಗಿಯೇ ಇರುತ್ತದೆ ಎಂದು ಕೈಯಾರೆ ನೋಡಿದ ಮೇಲೆ ಆ ಕೊರಗು ಕಡಿಮೆಯಾಗಿದೆ.

ನಿಮ್ಮ ಮನೆಯ ಬೀರುವಿನಲ್ಲೂ ಅಜ್ಜಿಯ ಕಾಲುಂಗುರ, ಅಜ್ಜನ ಕೋಟಿನ ಗುಂಡಿ, ಒಂಟಿಯಾಗಿ ಉಳಿದ ಓಲೆ ಏನಾದರೂ ಇದ್ದೀತು. ಅಂಗಡಿಗೆ ಹಾಕುವ ಮೊದಲು, ಹಂಚಿಕೆಯ ಜಗಳ ಶುರುವಾಗುವ ಮೊದಲು, ಅದನ್ನು ಒಮ್ಮೆ ಕೈಗೆತ್ತಿಕೊಳ್ಳಿ. ಅದು ಯಾರದು, ಯಾವ ಊರಿನದು, ಎಲ್ಲಿ ಸವೆದಿದೆ, ಏಕೆ ಸವೆದಿದೆ ಎಂದು ಮನೆಯ ಹಿರಿಯರನ್ನು ಕೇಳಿ. ಉತ್ತರ ಹೇಳುವವರು ಇರುವಾಗಲೇ ಕೇಳಿ.

ಸಂಘದ ಮುಂದಿನ ಯುಗಾದಿ ಕೂಟಕ್ಕೆ ನಮ್ಮ ಮರಳಿನ ಪೆಟ್ಟಿಗೆಯನ್ನು ತರುತ್ತೇನೆ. ಅಚ್ಚು ತೆಗೆಯುವುದನ್ನು ನನ್ನ ಮಗಳೇ ತೋರಿಸುತ್ತಾಳೆ, ಕನ್ನಡದಲ್ಲಿ. ತವರ ನನ್ನದು. ಮಾದರಿ ಮಾತ್ರ ನೀವು ತರಬೇಕು.